ಚಿಕ್ಕ ಆಟ, ದೊಡ್ಡ ಪೆಟ್ಟಿಗೆ

2024ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ತನ್ನ ನಾಲ್ಕು ವಿಡಿಯೋ ಗೇಮ್‌ಗಳನ್ನು ಎದುರಾಳಿಗಳ ಅಂಗಳಕ್ಕೆ ಬಿಟ್ಟುಕೊಟ್ಟಿತು. ಅಲ್ಲಿಯವರೆಗೆ ಕನ್ಸೋಲ್‌ಗಳ ಪೈಕಿ ಎಕ್ಸ್‌ಬಾಕ್ಸ್‌ನಲ್ಲಿ ಮಾತ್ರ ಆಡಬಹುದಾಗಿದ್ದ ಈ ಆಟಗಳು ಇನ್ನು ಮುಂದೆ ಸೋನಿಯ ಪ್ಲೇಸ್ಟೇಷನ್ನಿನಲ್ಲಿ, ಕೆಲವು ನಿಂಟೆಂಡೊ ಸ್ವಿಚ್‌ನಲ್ಲಿಯೂ ಸಿಗುತ್ತವೆ ಎಂದು ಕಂಪನಿ ಹೇಳಿತು. ಆ ನಾಲ್ಕರಲ್ಲಿ ಎರಡು ಚಿಕ್ಕ ಆಟಗಳು. ‘ಪೆಂಟಿಮೆಂಟ್’ ಹದಿನಾರನೆಯ ಶತಮಾನದ ಬವೇರಿಯಾದ ಮಠವೊಂದರ ಕೊಲೆಯ ಕಥೆ. ಹಳೆಯ ಹಸ್ತಪ್ರತಿಗಳ ಚಿತ್ರಗಳಂತೆ ಬರೆದ ಅದನ್ನು ದೊಡ್ಡ ಸ್ಟುಡಿಯೊದೊಳಗಿನ ಒಂದು ಪುಟ್ಟ ತಂಡ ಮಾಡಿತ್ತು. ‘ಹೈ-ಫೈ ರಶ್’ನಲ್ಲಿ ನಾಯಕನ ಏಟುಗಳೆಲ್ಲ ಹಾಡಿನ ತಾಳಕ್ಕೆ ಬೀಳಬೇಕು. ಎರಡನ್ನೂ ವಿಮರ್ಶಕರು ಮೆಚ್ಚಿದ್ದರು, ಆಡಿದವರು ಹೊಗಳಿದ್ದರು. ಹಾಗಿದ್ದೂ ಮನೆಯಿಂದ ಹೊರಗೆ ಹೊರಟ ಮೊದಲ ತಂಡದಲ್ಲಿ ಇವೆರಡೂ ಇದ್ದವು. ಚಿಕ್ಕ ಎಕ್ಸ್‌ಕ್ಲೂಸಿವ್ ಆಟಗಳು ಕನ್ಸೋಲ್ ಮಾರಾಟಕ್ಕೆ ನೆರವಾಗುತ್ತವೆ ಎಂದು ಆ ಕಂಪನಿ ನಂಬಿದ್ದರೆ ಹೀಗೆ ಮಾಡುತ್ತಿತ್ತೇ?

ಒಂದೇ ಕಂಪನಿಯ ಯಂತ್ರದಲ್ಲಿ ಮಾತ್ರ ಆಡಬಹುದಾದ ಆಟಕ್ಕೆ ಈ ವ್ಯಾಪಾರದಲ್ಲಿ ‘ಎಕ್ಸ್‌ಕ್ಲೂಸಿವ್’ ಎನ್ನುತ್ತಾರೆ. ಅದರ ಹಿಂದಿನ ಲೆಕ್ಕಾಚಾರ ಹಳೆಯದು. ಕನ್ಸೋಲ್ ಎಂಬ ಪೆಟ್ಟಿಗೆಯಿಂದ ಕಂಪನಿಗೆ ದೊಡ್ಡ ಲಾಭವಿಲ್ಲ. ಎಕ್ಸ್‌ಬಾಕ್ಸ್ ಯಂತ್ರವನ್ನು ತಾವು ಎಂದೂ ಲಾಭಕ್ಕೆ ಮಾರಿಲ್ಲ ಎಂದು ಮೈಕ್ರೋಸಾಫ್ಟ್ ಅಧಿಕಾರಿಯೊಬ್ಬರು 2021ರಲ್ಲಿ ಎಪಿಕ್ ಮತ್ತು ಆಪಲ್ ನಡುವಿನ ಮೊಕದ್ದಮೆಯಲ್ಲಿ ಸಾಕ್ಷಿ ನುಡಿದರು. ಲಾಭ ಬರುವುದು ಆಮೇಲೆ. ಆ ಪೆಟ್ಟಿಗೆಯ ಅಂಗಡಿಯಲ್ಲಿ ಮಾರಾಟವಾಗುವ ಪ್ರತಿ ಆಟದಲ್ಲಿ ಕಂಪನಿಗೆ ಸುಮಾರು ಶೇಕಡಾ 30ರ ಪಾಲು, ಮೇಲೆ ತಿಂಗಳ ಚಂದಾ. ಆದ್ದರಿಂದ ಗಿರಾಕಿಯನ್ನು ಒಮ್ಮೆ ಒಳಗೆ ಕರೆತರುವುದೇ ಮುಖ್ಯ, ಎಕ್ಸ್‌ಕ್ಲೂಸಿವ್ ಆಟ ಅದಕ್ಕೆ ಹಾಕುವ ಗಾಳ. ತೊಂದರೆಯೆಂದರೆ ಗಾಳದ ಬೆಲೆ ಏರಿಬಿಟ್ಟಿದೆ. 2023ರಲ್ಲಿ ಅಮೆರಿಕದ ನ್ಯಾಯಾಲಯವೊಂದಕ್ಕೆ ಸಲ್ಲಿಸಿದ ಕಾಗದಗಳಲ್ಲಿ ಗುಟ್ಟಿನ ಭಾಗಗಳ ಮೇಲೆ ಮಸಿ ಸರಿಯಾಗಿ ಬಳಿದಿರಲಿಲ್ಲ. ಅದರಿಂದ ಹೊರಬಿದ್ದ ಲೆಕ್ಕದ ಪ್ರಕಾರ ಸೋನಿಯ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ಕ್ಕೆ ತಗುಲಿದ್ದು ಸುಮಾರು 22 ಕೋಟಿ ಡಾಲರ್, ‘ಹೊರೈಝನ್ ಫರ್ಬಿಡನ್ ವೆಸ್ಟ್’ಗೆ 21 ಕೋಟಿ. ಇಂಥ ಒಂದು ಆಟಕ್ಕೆ ನೂರಾರು ಜನ ನಾಲ್ಕೈದು ವರ್ಷ ದುಡಿಯಬೇಕು. ಆ ಹಣದಲ್ಲಿ ಹತ್ತಿಪ್ಪತ್ತು ಚಿಕ್ಕ ಆಟ ಮಾಡಿಸಬಹುದಲ್ಲ, ಅವೆಲ್ಲ ಸೇರಿ ಅದೇ ಕೆಲಸ ಮಾಡಲಾರವೇ ಎಂಬ ಪ್ರಶ್ನೆ ಹುಟ್ಟುವುದು ಸಹಜ.

ಕೇಳಲು ಚೆನ್ನಾಗಿರುವ ಈ ಲೆಕ್ಕವನ್ನು ಮಾರುಕಟ್ಟೆ ಒಮ್ಮೆ ಪರೀಕ್ಷಿಸಿ ನೋಡಿಯಾಗಿದೆ. 2012ರಲ್ಲಿ ‘ಊಯಾ’ ಎಂಬ ಕನ್ಸೋಲ್‌ಗಾಗಿ ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ 85 ಲಕ್ಷ ಡಾಲರ್‌ಗೂ ಹೆಚ್ಚು ಹಣ ಹರಿದುಬಂತು. 99 ಡಾಲರ್‌ನ ಪುಟ್ಟ ಪೆಟ್ಟಿಗೆ, ಅದರೊಳಗೆ ಸ್ವತಂತ್ರ ತಯಾರಕರ ಚಿಕ್ಕ ಆಟಗಳು, ಪ್ರತಿಯೊಂದನ್ನೂ ಮೊದಲು ಉಚಿತವಾಗಿ ಆಡಿ ನೋಡಬಹುದು. ದೊಡ್ಡ ಕಂಪನಿಗಳಿಂದ ಬೇಸತ್ತವರಿಗೆ ಇದು ಕನಸಿನ ಯಂತ್ರವಾಗಿ ಕಂಡಿತು. 2013ರ ಜೂನ್‌ನಲ್ಲಿ ಅಂಗಡಿಗೆ ಬಂದಾಗ ಅದರ ಬಳಿ ಒಂದು ನಿಜವಾದ ರತ್ನವೂ ಇತ್ತು. ‘ಟವರ್‌ಫಾಲ್’ ಎಂಬ ಬಿಲ್ಲುಬಾಣದ ಆಟ, ನಾಲ್ವರು ಒಂದೇ ಸೋಫಾದಲ್ಲಿ ಕೂತು ಕೂಗಾಡುತ್ತ ಆಡುವಂಥದ್ದು, ಬೇರೆಲ್ಲೂ ಸಿಗದು. ಪತ್ರಿಕೆಗಳು ಊಯಾ ಕೊಳ್ಳಲು ಇದೊಂದೇ ಕಾರಣ ಸಾಕು ಎಂಬಷ್ಟು ಬರೆದವು. ಆದರೂ ಊಯಾದಲ್ಲಿ ಅದು ಮಾರಾಟವಾದದ್ದು ಸುಮಾರು 7 ಸಾವಿರ ಪ್ರತಿ. 2014ರ ಮಾರ್ಚ್‌ನಲ್ಲಿ ಅದರ ಹಿಗ್ಗಿಸಿದ ರೂಪ ಪ್ಲೇಸ್ಟೇಷನ್ 4 (ಪಿಎಸ್4) ಮತ್ತು ಪಿಸಿಗೆ ಬಂತು, ಗೆದ್ದಿತು. ಊಯಾ 2015ರಲ್ಲಿ ರೇಝರ್ ಕಂಪನಿಯ ಪಾಲಾಗಿ, 2019ರಲ್ಲಿ ಸೇವೆಯನ್ನೂ ನಿಲ್ಲಿಸಿತು. ಊಯಾದ ಕಂಟ್ರೋಲರ್ ಕಳಪೆಯಾಗಿತ್ತು, ಒಳಗಿನ ಚಿಪ್ ಮೊಬೈಲಿನದು ಎಂಬುದೂ ನಿಜ. ಸೋಲನ್ನೆಲ್ಲ ಆಟಗಳ ತಲೆಗೆ ಕಟ್ಟುವುದು ಅನ್ಯಾಯ. ಆದರೆ ನಮ್ಮ ಪ್ರಶ್ನೆಗೆ ಬೇಕಾದಷ್ಟು ಉತ್ತರ ಅಲ್ಲಿದೆ: ಎಲ್ಲರೂ ಹೊಗಳಿದ, ಬೇರೆಲ್ಲೂ ಸಿಗದ, ಚಿಕ್ಕ ಆಟವೊಂದು ಜನರಿಂದ 99 ಡಾಲರ್ ಕೂಡ ಹೊರಡಿಸಲಿಲ್ಲ.

ಏಕೆ ಹೀಗೆ? 15 ಡಾಲರ್‌ನ ಆಟಕ್ಕಾಗಿ ಯಾರು ನೂರಾರು ಡಾಲರ್‌ನ ಯಂತ್ರ ಕೊಳ್ಳುತ್ತಾರೆ ಎಂಬುದು ಎಲ್ಲರೂ ಕೊಡುವ ಉತ್ತರ. ಅದು ಪೂರ್ತಿ ಸರಿಯಲ್ಲ ಎಂದೇ ನನ್ನ ಅನಿಸಿಕೆ. 60 ಡಾಲರ್‌ನ ಆಟಕ್ಕಾಗಿ 300 ಡಾಲರ್‌ನ ಯಂತ್ರ ಕೊಳ್ಳುವುದೂ ಅಷ್ಟೇ ವಿಚಿತ್ರ, ಆದರೂ ಜನ ಕೊಂಡಿದ್ದಾರೆ. 2017ರ ಮಾರ್ಚ್‌ನಲ್ಲಿ ಸ್ವಿಚ್ ಬಿಡುಗಡೆಯಾದಾಗ ಅಮೆರಿಕದಲ್ಲಿ ಆ ತಿಂಗಳು ಮಾರಾಟವಾದ ಯಂತ್ರಗಳು 9 ಲಕ್ಷದ 6 ಸಾವಿರ. ಅದರ ಜೊತೆ ಬಂದ ‘ಝೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್’ 9 ಲಕ್ಷದ 25 ಸಾವಿರ. ಯಂತ್ರಕ್ಕಿಂತ ಆಟವೇ ಹೆಚ್ಚು! ಹಾಗಾಗಿ ಅಡ್ಡ ಬರುವುದು ಬೆಲೆಯ ಅನುಪಾತವಲ್ಲ, ಸುದ್ದಿ ಮುಟ್ಟುವ ದಾರಿ. ಝೆಲ್ಡಾ ಹೆಸರು 1986ರಿಂದ ಕಿವಿಗೆ ಬಿದ್ದದ್ದು. ಅದರ ಜಾಹೀರಾತು ಆಟ ಆಡದವರ ಟಿವಿಗೂ ಬರುತ್ತದೆ. ಚಿಕ್ಕ ಆಟದ ಹೆಸರು ಗೊತ್ತಿರುವುದು ಆಟಗಳ ಸುದ್ದಿಯನ್ನು ದಿನವೂ ಹುಡುಕಿ ಓದುವವರಿಗೆ, ಅವರ ಮನೆಯಲ್ಲಿ ಕನ್ಸೋಲ್ ಆಗಲೇ ಕೂತಿರುತ್ತದೆ. ಯಾರನ್ನು ಹೊಸದಾಗಿ ಸೆಳೆಯಬೇಕೋ ಅವರಿಗೆ ಆ ಆಟ ಇದೆಯೆಂದೇ ಗೊತ್ತಿಲ್ಲ.

ಇನ್ನೊಂದು ಕಾರಣ ಕಾಯುವ ತಾಳ್ಮೆ. ಚಿಕ್ಕ ಆಟವನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುವುದು, ಅವರ ಭಾಷೆಯಲ್ಲಿ ‘ಪೋರ್ಟ್’ ಮಾಡುವುದು, ಹೆಚ್ಚು ಖರ್ಚಿನ ಕೆಲಸವಲ್ಲ. ಎಕ್ಸ್‌ಬಾಕ್ಸ್ 360ರಲ್ಲಿ 2008ರಲ್ಲಿ ಹೆಸರು ಮಾಡಿದ ‘ಬ್ರೇಡ್’, 2010ರ ಕಪ್ಪು-ಬಿಳುಪಿನ ‘ಲಿಂಬೊ’ ಎರಡೂ ತಡವಾಗಿ ಸೋನಿಯ ಯಂತ್ರಕ್ಕೂ ಬಂದವು. 1930ರ ದಶಕದ ಕಾರ್ಟೂನುಗಳಂತೆ ಕೈಯಲ್ಲೇ ಬರೆದ ‘ಕಪ್‌ಹೆಡ್’ 2017ರಲ್ಲಿ ಎಕ್ಸ್‌ಬಾಕ್ಸ್‌ನ ಹೆಮ್ಮೆಯಾಗಿತ್ತು. 2019ರಲ್ಲಿ ಸ್ವಿಚ್‌ಗೂ 2020ರಲ್ಲಿ ಪಿಎಸ್4ಕ್ಕೂ ಹೋಯಿತು. ಇವೆಲ್ಲ ಒಪ್ಪಂದದಿಂದ ಎಕ್ಸ್‌ಕ್ಲೂಸಿವ್ ಆದ ಆಟಗಳು. ಅವುಗಳಲ್ಲಿ ಎಕ್ಸ್‌ಬಾಕ್ಸ್ ಬಿಟ್ಟು ಬೇರೆ ಯಂತ್ರ ಮಾಡಲಾರದ್ದು ಏನೂ ಇರಲಿಲ್ಲ. ಇದ್ದದ್ದು ಕಾಗದದ ಮೇಲಿನ ಬೇಲಿ. ಆ ಬೇಲಿ ಒಂದೆರಡು ವರ್ಷದಲ್ಲಿ ಬೀಳುತ್ತದೆಂದು ಆಡುವವರು ಕಲಿತುಕೊಂಡ ಮೇಲೆ ಹೊಸ ಯಂತ್ರ ಕೊಳ್ಳುವ ಬದಲು ಸುಮ್ಮನೆ ಕಾದರು.

ಹಾಗಾದರೆ ಚಿಕ್ಕ ಆಟ ಎಂದೂ ಕನ್ಸೋಲ್ ಮಾರಿಲ್ಲವೇ? ಮಾರಿದೆ, ಅದೂ ಇತಿಹಾಸದ ಅತಿ ದೊಡ್ಡ ಗೆಲುವುಗಳಲ್ಲಿ. 1984ರ ಸುಮಾರಿಗೆ ಮಾಸ್ಕೋದಲ್ಲಿ ಅಲೆಕ್ಸಿ ಪಾಜಿಟ್ನೊವ್ ರೂಪಿಸಿದ ‘ಟೆಟ್ರಿಸ್’ಗಿಂತ ಚಿಕ್ಕ ಆಟ ಯಾವುದಿದೆ? ಬೀಳುವ ಇಟ್ಟಿಗೆಗಳು, ಸಾಲು ತುಂಬಿದರೆ ಮಾಯ, ಅಷ್ಟೇ. 1989ರಲ್ಲಿ ನಿಂಟೆಂಡೊ ಗೇಮ್ ಬಾಯ್ ಹೊರತರುವಾಗ ಅಮೆರಿಕದಲ್ಲಿ ಅದರ ಜೊತೆ ಯಾವ ಆಟ ಕೊಡಬೇಕೆಂಬ ಚರ್ಚೆಯಲ್ಲಿ, ಹುಡುಗರು ಕೊಂಡರೆ ಸಾಕು ಎಂದಾದರೆ ಮಾರಿಯೊ ಕೊಡಿ, ಎಲ್ಲರೂ ಕೊಳ್ಳಬೇಕಾದರೆ ಟೆಟ್ರಿಸ್ ಕೊಡಿ ಎಂಬರ್ಥದ ಮಾತನ್ನು ಟೆಟ್ರಿಸ್ ಹಕ್ಕು ಕುದುರಿಸಿದ ಹೆಂಕ್ ರಾಜರ್ಸ್ ನಿಂಟೆಂಡೊ ಆಫ್ ಅಮೆರಿಕದ ಮುಖ್ಯಸ್ಥ ಅರಕಾವಾಗೆ ಹೇಳಿದರೆಂಬುದು ಈ ಉದ್ಯಮದ ಪ್ರಸಿದ್ಧ ಕಥೆ. ಅದೇ ಆಟ ಕಂಪ್ಯೂಟರುಗಳಲ್ಲಿ ಆಗಲೇ ಇತ್ತು. ಆದರೆ ಜೇಬಿನಿಂದ ತೆಗೆದು ರೈಲಿನಲ್ಲಿ ಆಡುವ ಟೆಟ್ರಿಸ್, ಕೇಬಲ್ಲಿನಿಂದ ಜೋಡಿಸಿ ಪಕ್ಕದವನ ಪರದೆಗೆ ಕಸ ತಳ್ಳುವ ಟೆಟ್ರಿಸ್ ಗೇಮ್ ಬಾಯ್‌ನಲ್ಲಿ ಮಾತ್ರ. ಏಳು ವರ್ಷ ಕಳೆದು ಗೇಮ್ ಬಾಯ್ ಮುಪ್ಪಾಗಿದ್ದಾಗ, 1996ರಲ್ಲಿ, ಅದೇ ಕೇಬಲ್ಲನ್ನೇ ನೆಚ್ಚಿಕೊಂಡು ಸತೋಶಿ ತಾಜಿರಿಯ ಚಿಕ್ಕ ಸ್ಟುಡಿಯೊ ಗೇಮ್ ಫ್ರೀಕ್ ‘ಪೋಕೆಮಾನ್’ ತಂದಿತು. ಎರಡು ಆವೃತ್ತಿ, ಎಲ್ಲ ಪ್ರಾಣಿಗಳೂ ಬೇಕಾದರೆ ಗೆಳೆಯನ ಯಂತ್ರದೊಡನೆ ವಿನಿಮಯ ಮಾಡಲೇಬೇಕು. ಅಂದರೆ ಆಟ ಕೊಂಡ ಪ್ರತಿ ಹುಡುಗನೂ ಇನ್ನೊಬ್ಬನಿಗೆ ಯಂತ್ರ ಕೊಡಿಸುವ ಏಜೆಂಟನಾದ. ಅಂಗಡಿಯ ಮೂಲೆ ಸೇರಬೇಕಿದ್ದ ಗೇಮ್ ಬಾಯ್‌ಗೆ ಅದು ಎರಡನೆಯ ಜನ್ಮ ಕೊಟ್ಟಿತು.

2005ರ ‘ಬ್ರೇನ್ ಏಜ್’ ಇನ್ನೂ ಸೋಜಿಗದ್ದು. ತೊಹೊಕು ವಿಶ್ವವಿದ್ಯಾಲಯದ ಡಾ. ರ್ಯೂತಾ ಕವಾಶಿಮಾ ಅವರ ಮಿದುಳಿನ ಕಸರತ್ತಿನ ಪುಸ್ತಕವನ್ನು ಆಟವಾಗಿಸಲು ನಿಂಟೆಂಡೊ ಒಂಬತ್ತು ಜನರ ತಂಡಕ್ಕೆ 90 ದಿನ ಕೊಟ್ಟಿತ್ತೆಂದು ಕಂಪನಿಯ ಅಂದಿನ ಅಧ್ಯಕ್ಷ ಸತೋರು ಇವಾತಾ ಮರುವರ್ಷ ಹೇಳಿದರು. ಕೂಡುವುದು, ಕಳೆಯುವುದು, ಗಟ್ಟಿಯಾಗಿ ಓದುವುದು. ನಿಂಟೆಂಡೊದ ಡಿಎಸ್ ಎಂಬ ಯಂತ್ರವನ್ನು ಪುಸ್ತಕದಂತೆ ಅಡ್ಡ ಹಿಡಿದು ಪೆನ್ನಿನಿಂದ ಪರದೆಯ ಮೇಲೆ ಉತ್ತರ ಬರೆಯಬೇಕು. ಗೇಮ್ ಎಂದರೆ ಮೂಗು ಮುರಿಯುತ್ತಿದ್ದ ಅಜ್ಜ-ಅಜ್ಜಿಯರು ಅಂಗಡಿಗೆ ಬಂದರು. ಆಟ 1.9 ಕೋಟಿ ಮಾರಾಟವಾಯಿತು, ಡಿಎಸ್ ಯಂತ್ರ 15.4 ಕೋಟಿ. ಮರುವರ್ಷದ ‘ವೀ ಸ್ಪೋರ್ಟ್ಸ್’ ವಿಷಯದಲ್ಲಿ ಒಂದು ಎಚ್ಚರ ಬೇಕು: ಅದರ 8 ಕೋಟಿ ಚಿಲ್ಲರೆ ಪ್ರತಿಗಳಲ್ಲಿ ಬಹುಪಾಲು ನಿಂಟೆಂಡೊದ ವೀ ಯಂತ್ರದ ಡಬ್ಬಿಯೊಳಗೇ ಬಂದವು, ಹಾಗಾಗಿ ಆ ಸಂಖ್ಯೆ ಏನನ್ನೂ ಸಾಬೀತು ಮಾಡದು. ಆದರೆ ಜಪಾನಿನಲ್ಲಿ ಅದನ್ನು ಬೇರೆಯಾಗಿ ಹಣ ಕೊಟ್ಟು ಕೊಳ್ಳಬೇಕಿತ್ತು, ಅಲ್ಲಿಯೂ ಲಕ್ಷಗಟ್ಟಲೆ ಜನ ಕೊಂಡರು. ಕೈಯಲ್ಲಿ ರಿಮೋಟ್ ಹಿಡಿದು ಬೀಸಿದರೆ ಟಿವಿಯಲ್ಲಿ ಟೆನಿಸ್ ಚೆಂಡು ಹಾರುವುದನ್ನು ಒಮ್ಮೆ ನೋಡಿದವರಿಗೆ ಯಂತ್ರ ಏಕೆ ಬೇಕೆಂದು ವಿವರಿಸಬೇಕಾಗಿರಲಿಲ್ಲ.

ಈ ನಾಲ್ಕನ್ನೂ ಕಪ್‌ಹೆಡ್, ಬ್ರೇಡ್‌ಗಳ ಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಗುಣಮಟ್ಟದ್ದಲ್ಲ. ಕಪ್‌ಹೆಡ್‌ನ ಕಲೆಗಾರಿಕೆಯ ಮುಂದೆ ವೀ ಸ್ಪೋರ್ಟ್ಸ್ ಸಪ್ಪೆ. ವ್ಯತ್ಯಾಸ ಇರುವುದು ಎಕ್ಸ್‌ಕ್ಲೂಸಿವ್ ಎನ್ನುವ ಗುಣ ಎಲ್ಲಿಂದ ಬಂತು ಎಂಬುದರಲ್ಲಿ. ಒಂದು ಬಗೆ ಕರಾರಿನಿಂದ ಬಂದದ್ದು, ಇನ್ನೊಂದು ಯಂತ್ರದ ಗರ್ಭದಿಂದಲೇ ಹುಟ್ಟಿದ್ದು. ಎರಡನೆಯ ಬಗೆಯ ಆಟ ಎಷ್ಟೇ ಚಿಕ್ಕದಾಗಿರಲಿ, ಈ ಪೆಟ್ಟಿಗೆ ಏನು ಮಾಡಬಲ್ಲದು ಎಂಬುದನ್ನು ಅರ್ಧ ನಿಮಿಷದಲ್ಲಿ ತೋರಿಸುತ್ತದೆ; ಜಾಹೀರಾತಿನ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ. 2022ರಲ್ಲಿ ಬಂದ ‘ಪ್ಲೇಡೇಟ್’ ಎಂಬ ಅಂಗೈಯಗಲದ ಹಳದಿ ಯಂತ್ರವೂ ಇದಕ್ಕೇ ಸಾಕ್ಷಿ. ಅದರಲ್ಲಿ ಇರುವುದೆಲ್ಲ ಪುಟಾಣಿ ಆಟಗಳೇ, ಆದರೆ ಬದಿಯಲ್ಲಿ ತಿರುಗಿಸಲು ಒಂದು ಹಿಡಿಕೆಯಿದೆ, ಅನೇಕ ಆಟಗಳು ಅದನ್ನು ತಿರುಗಿಸಿಯೇ ನಡೆಯುತ್ತವೆ. ಒಂದೇ ವರ್ಷದಲ್ಲಿ 50 ಸಾವಿರ ಮಾರಾಟವಾಯಿತು. ಸೋನಿಗೆ ಅದು ಚಿಲ್ಲರೆ, ಅದನ್ನು ಮಾಡಿದ ಚಿಕ್ಕ ಕಂಪನಿಗೆ ಹಬ್ಬ.

ಆದರೆ ಯಂತ್ರದಿಂದ ಹುಟ್ಟಿದ ಆಟವಿದ್ದರೆ ಸಾಕು, ಗೆಲುವು ಖಾತ್ರಿ ಎಂದು ಹೇಳಿದರೆ ‘ಟಿಯರ್‌ಅವೇ’ ಎದ್ದು ನಿಂತು ಕೇಳುತ್ತದೆ. ಸೋನಿಯ ಪಿಎಸ್ ವೀಟಾಕ್ಕೆಂದೇ 2013ರಲ್ಲಿ ಬಂದ ಈ ಆಟದಲ್ಲಿ ಯಂತ್ರದ ಬೆನ್ನಿನ ಮೇಲೆ ಬೆರಳಾಡಿಸಿದರೆ ಪರದೆಯೊಳಗಿನ ಕಾಗದದ ಲೋಕವನ್ನು ಹರಿದು ಬೆರಳು ಮೇಲೆ ಬಂದಂತೆ ಕಾಣುತ್ತಿತ್ತು. ಇದಕ್ಕಿಂತ ಯಂತ್ರಕ್ಕೆ ಅಂಟಿದ ಆಟ ಇನ್ನೊಂದಿರಲಾರದು. ಜೊತೆಗೆ ವೀಟಾಕ್ಕೆ ಇಂಡೀ, ಅಂದರೆ ಸ್ವತಂತ್ರ ತಯಾರಕರ, ಆಟಗಳ ದೊಡ್ಡ ದಂಡೇ ಇತ್ತು. ಅದರ ಅಭಿಮಾನಿಗಳು ಇವತ್ತಿಗೂ ಅದನ್ನು ಎದೆಗೊತ್ತಿಕೊಳ್ಳುತ್ತಾರೆ. ಆದರೂ ನಿಂಟೆಂಡೊ 3ಡಿಎಸ್ 7.5 ಕೋಟಿ ದಾಟಿದ ಹೊತ್ತಿನಲ್ಲಿ ವೀಟಾದ ಪ್ರತ್ಯೇಕ ಲೆಕ್ಕ ಕೊಡುವುದನ್ನೇ ಸೋನಿ ಬಿಟ್ಟಿತ್ತು. ಅದರ ಮೆಮೊರಿ ಕಾರ್ಡು ಸೋನಿಯದೇ ಆಗಬೇಕಿತ್ತು, ಬೆಲೆ ಕೈ ಸುಡುವಂತಿತ್ತು, ಜನರ ಜೇಬಿನಲ್ಲಿ ಆಗಲೇ ಸ್ಮಾರ್ಟ್‌ಫೋನ್ ಬಂದು ಕೂತಿತ್ತು. ಮುಖ್ಯವಾಗಿ, ಬ್ರೇನ್ ಏಜ್ ಅಜ್ಜಿಯನ್ನು ಕರೆತಂದಂತೆ ಟಿಯರ್‌ಅವೇ ಯಾವ ಹೊಸ ಜನರನ್ನೂ ಕರೆತರಲಿಲ್ಲ. ಅದು ಆಟಪ್ರಿಯರ ನಡುವಿನ ಬೆರಗಾಗಿಯೇ ಉಳಿಯಿತು. ಯಂತ್ರಕ್ಕೆ ಅಂಟಿರಬೇಕು, ಮತ್ತು ಯಂತ್ರದ ಕಡೆ ತಿರುಗಿಯೂ ನೋಡದವರಿಗೆ ಬೇಕೆನಿಸಬೇಕು. ಎರಡೂ ಕೂಡಿಬರುವುದು ಅಪರೂಪ.

2013ರ ಪಿಎಸ್4 ಉದಾಹರಣೆಯನ್ನು ಕೆಲವರು ಮುಂದಿಡುತ್ತಾರೆ. ಆ ವರ್ಷದ ಇ3 ಮೇಳದಲ್ಲಿ ಸೋನಿ ಸ್ವತಂತ್ರ ತಯಾರಕರ ಆಟಗಳನ್ನು ಸಾಲಾಗಿ ವೇದಿಕೆಗೆ ತಂದಿತು, ಬಿಡುಗಡೆಯ ದಿನ ಚಂದಾದಾರರಿಗೆ ಹೌಸ್‌ಮಾರ್ಕ್ ಸ್ಟುಡಿಯೊದ ಪುಟ್ಟ ‘ರೆಸೊಗನ್’ ಉಚಿತವಾಗಿ ಕೊಟ್ಟಿತು, ಆ ಯಂತ್ರ ಕೊನೆಗೆ 11.7 ಕೋಟಿ ಮಾರಾಟವಾಯಿತು. ನಿಜ. ಆದರೆ ಅದೇ ವೇದಿಕೆಯಲ್ಲಿ ಸೋನಿ ಇನ್ನೂ ಎರಡು ಮಾತು ಹೇಳಿತ್ತು: ಬೆಲೆ 399 ಡಾಲರ್, ಹಳೆಯ ಡಿಸ್ಕ್‌ಗಳನ್ನು ಮಾರಲು-ಕೊಡಲು ಯಾವ ಕಟ್ಟುಪಾಡೂ ಇಲ್ಲ. ಎಕ್ಸ್‌ಬಾಕ್ಸ್ ಒನ್ ಬೆಲೆ 499 ಡಾಲರ್ ಆಗಿತ್ತು, ಅದರ ಡಿಸ್ಕ್ ನಿಯಮಗಳು ಜನರನ್ನು ಕೆರಳಿಸಿದ್ದವು. ಸಭೆಯಲ್ಲಿ ಚಪ್ಪಾಳೆ ಮುಗಿಲು ಮುಟ್ಟಿದ್ದು ಯಾವ ಮಾತಿಗೆಂದು ಆ ವಿಡಿಯೋ ನೋಡಿದವರು ಬಲ್ಲರು. ನೂರು ಡಾಲರ್ ಉಳಿತಾಯ ಎದುರಿಗಿರುವಾಗ ಮಾರಾಟದ ಶ್ರೇಯಸ್ಸನ್ನು ರೆಸೊಗನ್‌ಗೆ ಕೊಡುವುದು ಕಷ್ಟ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯಿದೆ. ದೊಡ್ಡ ಎಕ್ಸ್‌ಕ್ಲೂಸಿವ್‌ಗಳೂ ಕನ್ಸೋಲ್ ಮಾರುವುದಿಲ್ಲ, ಚಿಕ್ಕವನ್ನು ಮಾತ್ರ ಏಕೆ ದೂರುತ್ತೀರಿ? ಅಂದಿನ ಎಕ್ಸ್‌ಬಾಕ್ಸ್ ಮುಖ್ಯಸ್ಥ ಫಿಲ್ ಸ್ಪೆನ್ಸರ್ 2023ರಲ್ಲಿ ಬಹಿರಂಗವಾಗಿಯೇ ಒಪ್ಪಿಕೊಂಡರು: ತಮ್ಮ ದೊಡ್ಡ ಆಟ ಎಷ್ಟೇ ಅದ್ಭುತವಾಗಿದ್ದರೂ ಜನ ಪಿಎಸ್5 ಮಾರಿ ಇತ್ತ ಬರುವುದಿಲ್ಲ, ಜನರು ತಮ್ಮ ಡಿಜಿಟಲ್ ಆಟಗಳ ಭಂಡಾರ ಕಟ್ಟಿಕೊಂಡ ತಲೆಮಾರಿನಲ್ಲೇ ತಾವು ಸೋತೆವು ಎಂದು. ನಿಂಟೆಂಡೊದ ವೀ ಯು ಕಥೆಯೂ ಅದೇ. ಅದರಲ್ಲಿ ‘ಮಾರಿಯೊ ಕಾರ್ಟ್ 8’ ಇತ್ತು, ಯಂತ್ರ ಮಾತ್ರ 1.35 ಕೋಟಿಗೆ ನಿಂತಿತು. ಅದೇ ಆಟ ಸ್ವಿಚ್‌ಗೆ ಹೋದ ಮೇಲೆ 6.5 ಕೋಟಿ ದಾಟಿತು. ಅಂದರೆ ಆಟ ಯಂತ್ರವನ್ನು ಎಳೆಯುವುದಕ್ಕಿಂತ ಯಂತ್ರ ಆಟವನ್ನು ಎಳೆದದ್ದೇ ಹೆಚ್ಚು. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದರೆ ಅದು ನನ್ನ ವಾದವನ್ನು ಕೆಡವುವುದಿಲ್ಲ, ಬಲಪಡಿಸುತ್ತದೆ. ಸ್ವಿಚ್‌ನ ಗೆಲುವಿಗೆ ಟಿವಿಯಲ್ಲೂ ಕೈಯಲ್ಲೂ ಆಡಬಹುದೆಂಬ ಯಂತ್ರದ ಸ್ವಭಾವವೇ ಮೂಲ; ಝೆಲ್ಡಾ ಆ ಸ್ವಭಾವವನ್ನು ಮೊದಲ ದಿನವೇ ಅನುಭವಕ್ಕೆ ತಂದಿತು.

ಹಾಗಾದರೆ ಕರಾರಿನ ಚಿಕ್ಕ ಆಟಗಳಿಗೆ ಕೆಲಸವೇ ಇಲ್ಲವೇ? ಇದೆ, ಆದರೆ ಅದು ಬಂದವರನ್ನು ಉಳಿಸಿಕೊಳ್ಳುವ ಕೆಲಸ. ದೋಸೆಗೆ ಹೆಸರಾದ ಹೋಟೆಲಿಗೆ ಚಟ್ನಿಗೆಂದು ಯಾರೂ ಹೋಗುವುದಿಲ್ಲ, ಚಟ್ನಿ ಹಳಸಿದ್ದರೆ ಮತ್ತೆ ಆ ಕಡೆ ಹೋಗುವುದೂ ಇಲ್ಲ. ದೊಡ್ಡ ಆಟಗಳ ನಡುವೆ ಈಗ ವರ್ಷಗಳ ಬರಗಾಲವಿರುತ್ತದೆ. 2008ರಿಂದ ಮೈಕ್ರೋಸಾಫ್ಟ್ ‘ಸಮ್ಮರ್ ಆಫ್ ಆರ್ಕೇಡ್’ ಹೆಸರಿನಲ್ಲಿ ಬ್ರೇಡ್, ಲಿಂಬೊಗಳಂಥವನ್ನು ದೊಡ್ಡ ಆಟಗಳು ಬಾರದ ಬೇಸಿಗೆಯಲ್ಲೇ ಬಿಟ್ಟದ್ದು ಆ ಬರಗಾಲ ನೀಗಲೆಂದೇ. ಸೋನಿ ಚಿಕ್ಕ ಆಟಗಳಿಂದ ಬೆಳೆಸಿಕೊಂಡು ಬಂದ ಹೌಸ್‌ಮಾರ್ಕ್ 2021ರಲ್ಲಿ ‘ರಿಟರ್ನಲ್’ ಎಂಬ ದೊಡ್ಡ ಆಟ ಕೊಟ್ಟಿತು, ಅದೇ ವರ್ಷ ಸೋನಿ ಆ ಸ್ಟುಡಿಯೊವನ್ನೇ ಕೊಂಡಿತು. ಇಂಥ ಲಾಭ ಕನ್ಸೋಲ್ ಮಾರಾಟದ ತಿಂಗಳ ಪಟ್ಟಿಯಲ್ಲಿ ಕಾಣುವುದಿಲ್ಲ. ಕಾಣದ್ದರಿಂದಲೇ ಲೆಕ್ಕಪತ್ರ ನೋಡುವವರ ಕತ್ತರಿ ಮೊದಲು ಇವುಗಳ ಮೇಲೆ ಬೀಳುತ್ತದೆ. 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಹೈ-ಫೈ ರಶ್ ಮಾಡಿದ ಟ್ಯಾಂಗೊ ಸ್ಟುಡಿಯೊವನ್ನು ಮುಚ್ಚುವುದಾಗಿ ಹೇಳಿತು. ಮರುದಿನವೇ ಅದರ ಅಧಿಕಾರಿಯೊಬ್ಬರು, ನಮಗೆ ಗೌರವವನ್ನೂ ಪ್ರಶಸ್ತಿಗಳನ್ನೂ ತರುವ ಚಿಕ್ಕ ಆಟಗಳು ಬೇಕು ಎಂಬರ್ಥದಲ್ಲಿ ಸಿಬ್ಬಂದಿಗೆ ಹೇಳಿದರೆಂದು ವರದಿಯಾಯಿತು. ಕೆಲವೇ ತಿಂಗಳಲ್ಲಿ ಟ್ಯಾಂಗೊವನ್ನು ಕೈಗೆತ್ತಿಕೊಂಡದ್ದು ಕೊರಿಯಾದ ಕ್ರಾಫ್ಟನ್, ನಮ್ಮ ಹುಡುಗರ ಮೊಬೈಲಿನಲ್ಲಿರುವ ಬಿಜಿಎಮ್‌ಐ ಆಟದ ಒಡೆಯ.

ಭಾರತದಿಂದಲೂ ಒಂದು ಚಿಕ್ಕ ಎಕ್ಸ್‌ಕ್ಲೂಸಿವ್ ಹೋಗಿದೆ. ಪುಣೆಯ ನಾಡಿಂಗ್ ಹೆಡ್ಸ್ ಸ್ಟುಡಿಯೊ, ದುರ್ಗೆಯ ವರ ಪಡೆದ ಹುಡುಗಿಯ ಕಥೆಯಾದ ‘ರಾಜಿ’ಯನ್ನು 2020ರ ಆಗಸ್ಟ್‌ನಲ್ಲಿ ಮೊದಲು ಸ್ವಿಚ್‌ನಲ್ಲಷ್ಟೇ ಬಿಡುಗಡೆ ಮಾಡಿತು, ಎರಡು ತಿಂಗಳು ಕಳೆದು ಉಳಿದ ಯಂತ್ರಗಳಿಗೆ ಬಂತು. ಆಗ ಭಾರತದಲ್ಲಿ ನಿಂಟೆಂಡೊ ಸ್ವಿಚ್ ಅನ್ನು ಅಧಿಕೃತವಾಗಿ ಮಾರುತ್ತಲೇ ಇರಲಿಲ್ಲ! ಆ ಎರಡು ತಿಂಗಳ ಒಪ್ಪಂದದಿಂದ ನಿಂಟೆಂಡೊಗೆ ಇಲ್ಲಿ ಒಂದು ಯಂತ್ರವನ್ನು ಮಾರಲೂ ದಾರಿಯಿರಲಿಲ್ಲ. ಆದರೆ ಬಿಡುಗಡೆಯ ದಿನದ ನಿಂಟೆಂಡೊ ಪ್ರದರ್ಶನದಲ್ಲಿ ರಾಜಿ ಕಾಣಿಸಿಕೊಂಡಿತು, ಹೊರದೇಶಗಳಲ್ಲಿ ಸ್ವಿಚ್ ಇಟ್ಟುಕೊಂಡವರಿಗೆ ಅದರ ಹೆಸರು ತಿಳಿಯಿತು. ಇಂಥ ಕರಾರುಗಳಲ್ಲಿ ಕನ್ಸೋಲ್ ಕಂಪನಿಗಿಂತ ಆಟ ಮಾಡಿದವರಿಗೇ ಹೆಚ್ಚು ದಕ್ಕುತ್ತದೆ ಎಂದು ನನಗನ್ನಿಸುವುದು ಇದಕ್ಕೇ.

ಕೊನೆಗೆ ಸೋನಿಯ ನಡೆಯನ್ನು ನೋಡಬೇಕು. ‘ಆಸ್ಟ್ರೊ ಬಾಟ್’ ಅನ್ನು ಸುಮಾರು 60 ಜನ ಮೂರು ವರ್ಷದಲ್ಲಿ ಮಾಡಿದರು. ಪಿಎಸ್5 ಕಂಟ್ರೋಲರಿನ ನಡುಕ, ಗುಂಡಿಯ ಬಿಗಿತ, ಎಲ್ಲವನ್ನೂ ಆಡಿಸುವ ಆಟ ಅದು. 2024ರ ಕೊನೆಗೆ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಅತ್ಯುತ್ತಮ ಆಟವೆನಿಸಿತು. ಮರುವರ್ಷದ ಮಾರ್ಚ್ ಹೊತ್ತಿಗೆ ಮಾರಾಟ 23 ಲಕ್ಷ. ಪಿಎಸ್5 ಆಗಲೇ 7.7 ಕೋಟಿ ದಾಟಿತ್ತು. ನೂರು ಯಂತ್ರಗಳಿಗೆ ಮೂರು ಪ್ರತಿ. ಇದು ಕನ್ಸೋಲ್ ಮಾರಿದ ಆಟವಲ್ಲ, ಯಾರೂ ಹಾಗೆ ಹೇಳಲಾರರು. ಆದರೂ 2020ರಿಂದ ಈಚೆಗೆ ಸೋನಿ ‘ಹೊರೈಝನ್’, ‘ಗಾಡ್ ಆಫ್ ವಾರ್’, ‘ಸ್ಪೈಡರ್-ಮ್ಯಾನ್’ಗಳನ್ನು ಒಂದೊಂದಾಗಿ ಪಿಸಿಗೆ ಕಳಿಸಿತು, ಆಸ್ಟ್ರೊ ಬಾಟ್ ಬಂದು ವರ್ಷ ಕಳೆದರೂ ಅದನ್ನು ಕಳಿಸಲಿಲ್ಲ. 20 ಕೋಟಿ ಡಾಲರ್ ಸುರಿದ ಆಟ ಒಂದೇ ಯಂತ್ರದ ಗಿರಾಕಿಗಳಿಂದ ಹಣ ಹಿಂಪಡೆಯಲು ಹೆಣಗುತ್ತದೆ, ಹೊರಗೆ ಹೋಗಲೇಬೇಕು. 60 ಜನ ಮಾಡಿದ ಆಟಕ್ಕೆ ಆ ಒತ್ತಡವಿಲ್ಲ. ಮೈಕ್ರೋಸಾಫ್ಟ್ ಚಿಕ್ಕವನ್ನು ಮೊದಲು ಹೊರಗೆ ಕಳಿಸಿತು, ಎರಡು ವರ್ಷದೊಳಗೆ ತನ್ನ ಹೆಗ್ಗುರುತಾದ ‘ಹೇಲೋ’ ಕೂಡ ಪ್ಲೇಸ್ಟೇಷನ್ನಿಗೆ ಬರುತ್ತದೆಂದು ಸಾರಿತು. ದೊಡ್ಡ ಆಟಗಳ ಖರ್ಚು ಹೀಗೇ ಏರಿದರೆ, ಇನ್ನು ಕೆಲವು ವರ್ಷಗಳಲ್ಲಿ ಎಕ್ಸ್‌ಕ್ಲೂಸಿವ್ ಆಗಿ ಉಳಿಸಿಕೊಳ್ಳಲು ಕಂಪನಿಗಳ ಕೈಗೆಟುಕುವುದು ಚಿಕ್ಕ ಆಟಗಳು ಮಾತ್ರ.